ಹುರುಳಿ ಹಾಸಿದ ಹಾದಿ

ಕಾಶ್ಮೀರ, ಕೆನಡಾಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿ ವಾಹನಗಳು ಜಾರುತ್ತವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ನಮಗೆ ಹಿಮ ಗೊತ್ತಿಲ್ಲ. ಆದರೆ ಚಳಿಗಾಲದಲ್ಲಿ ಜಾರುವ ರಸ್ತೆ ಚೆನ್ನಾಗಿ ಗೊತ್ತು. ಸುಗ್ಗಿ ಬಂದರೆ ನಮ್ಮ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ. ಹುರುಳಿ, ಸಜ್ಜೆ, ತೊಗರಿ ತಂದು ಹರವುತ್ತಾರೆ. ಬಸ್ಸು, ಲಾರಿಗಳ ಗಾಲಿಯೇ ಒಕ್ಕುವ ಕಲ್ಲು.

ಒಣಗಿದ ಕಾಳು ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಹೊಟ್ಟಿನ ಮೇಲೆ ಬೆಳಗಿನ ಇಬ್ಬನಿ ಬಿದ್ದರಂತೂ ಗಾಲಿಗೆ ನೆಲವೇ ಸಿಗುವುದಿಲ್ಲ. ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ರಾಶಿಯ ಸುತ್ತ ಇಟ್ಟ ಕಲ್ಲುಗಳು ಕತ್ತಲಲ್ಲಿ ಕಾಣುವುದಿಲ್ಲ.

2019ರ ಜನವರಿ, ಬನದ ಹುಣ್ಣಿಮೆಗೆ ನಾಲ್ಕು ದಿನ ಮೊದಲು, ನಮ್ಮ ಸಂಬಂಧಿಕರ ಹುಡುಗನೊಬ್ಬ ಸೀರೆಯ ಗಂಟು ಕಟ್ಟಿಕೊಂಡು ನಸುಕಿನಲ್ಲೇ ಇಳಕಲ್ಲಿನಿಂದ ಬಾದಾಮಿ ಕಡೆಗೆ ಬೈಕಿನಲ್ಲಿ ಹೊರಟಿದ್ದ. ಬನಶಂಕರಿ ಜಾತ್ರೆಯ ವ್ಯಾಪಾರ. ತಿರುವಿನಲ್ಲಿ ಹುರುಳಿ ಕಂಡು ಬ್ರೇಕ್ ಒತ್ತಿದ, ಬಿದ್ದ. ಮೊಣಕಾಲು ಮುರಿಯಿತು. ಕುಣಿ ಮಗ್ಗ ಕಾಲಿನಿಂದ ತುಳಿದೇ ನಡೆಯಬೇಕು. ಆರು ತಿಂಗಳು ಆ ಮನೆಯ ಮಗ್ಗ ಸದ್ದು ಮಾಡಲಿಲ್ಲ. ಸಾಲ ಮಾತ್ರ ಬೆಳೆಯಿತು.

ಅವನನ್ನು ಮೊದಲು ಓಡಿಬಂದು ಎತ್ತಿ ನೀರು ಕುಡಿಸಿದವಳು ಆ ಹುರುಳಿಯ ಒಡತಿಯೇ. ಆಮೇಲೆ ನಾವು ಹೋಗಿ ಕೇಳಿದಾಗ ಆಕೆ ಅಂದದ್ದಿಷ್ಟು: "ಏನ್ ಮಾಡೂದ್ರೀ ಸಾಹೇಬ್ರ? ಎತ್ತು ಮಾರೇವಿ. ಕಣಾ ಮಾಡಾಕ ಜಾಗಾ ಇಲ್ಲ. ರಾಶಿ ಮಷಿನ್ನಿಗೆ ತಾಸಿನ ಲೆಕ್ಕದಾಗ ರೊಕ್ಕ ಕೊಟ್ರ ಎಕರೆ ಹುರುಳ್ಯಾಗ ನಮಗೇನ್ ಉಳಿತೈತಿ?"

ಜಗಳಕ್ಕೆಂದು ಹೋದವರ ಬಾಯಿ ಕಟ್ಟಿತು. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ರಾತ್ರಿಯೆಲ್ಲ ಹಂತಿ ಹೂಡಿ, ಹಾಡುತ್ತ ಒಕ್ಕುತ್ತಿದ್ದರು. ಎತ್ತು ಹೋದವು, ಹಂತಿಯ ಹಾಡೂ ಹೋಯಿತು. ರಸ್ತೆಗೆ ಅಡ್ಡಿ ಮಾಡಿದರೆ ದಂಡ ವಿಧಿಸಲು ಹಿಂದಿನ ದಂಡಸಂಹಿತೆಯಲ್ಲಿ 283ನೇ ಕಲಮಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 285 ಇದೆ. ಆದರೆ ದಂಡ ಕಟ್ಟಿದ ರೈತ ಮುಂದಿನ ಸುಗ್ಗಿಗೆ ರಾಶಿಯನ್ನು ಎಲ್ಲಿ ಹಾಕಬೇಕು? ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳು ರಾಜ್ಯದಲ್ಲಿವೆ. ಊರಿಗೊಂದು ಸಿಮೆಂಟಿನ ಕಣ ಕೇಳುವುದು ರೈತನಷ್ಟೇ ದಾರಿಹೋಕನ ಹಕ್ಕೂ ಹೌದು.

ಅಲ್ಲಿಯತನಕ ಗಾಡಿ ಓಡಿಸುವವರು ಹಿಮದ ನಾಡಿನವರ ಜಾಣತನವನ್ನೇ ಕಲಿಯಬೇಕು. ರಾಶಿ ದೂರದಲ್ಲಿ ಕಂಡಾಗಲೇ ವೇಗ ಇಳಿಸಬೇಕು. ಅದರ ಮೇಲೆ ಗಾಲಿ ಹತ್ತಿದ ನಂತರ ಗಟ್ಟಿಯಾಗಿ ಬ್ರೇಕ್ ಒತ್ತಬಾರದು, ಹ್ಯಾಂಡಲ್ ಹೊರಳಿಸಬಾರದು. ನೆಟ್ಟಗೆ, ನಿಧಾನವಾಗಿ ದಾಟಬೇಕು. ಕಾರಿನವರು ಮುಂದೆ ನಿಲ್ಲಿಸಿ ಅಡಿಯಲ್ಲಿ ಸಿಕ್ಕ ಬಳ್ಳಿ ತೆಗೆಯಬೇಕು. ರಾತ್ರಿ ಮುಧೋಳ, ಜಮಖಂಡಿ ಕಡೆಗೆ ಹೋಗುವವರು, ಹಿಂದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳಿಂದ ದೂರವಿರಬೇಕು.

ದಾರಿಯ ಕಲ್ಲುಮುಳ್ಳು ಸರಿಸುವುದನ್ನು ನಮ್ಮ ಮನೆಯ ಹಿರಿಯರು ಸದಖಾ ಎನ್ನುತ್ತಿದ್ದರು, ನೆರೆಮನೆಯವರು ಪುಣ್ಯ ಎನ್ನುತ್ತಿದ್ದರು. ರಾಶಿ ಮುಗಿದ ಸಂಜೆ ಹೊಟ್ಟು ಗುಡಿಸಿ, ಆ ಕಲ್ಲುಗಳನ್ನು ಬದಿಗೆ ಸರಿಸಲು ಅರ್ಧ ತಾಸು ಸಾಕು. ಅದಕ್ಕೆ ಯಾವ ಯೋಜನೆಯೂ ಬೇಕಿಲ್ಲ.