ಓದಿ ಸಹಿ ಹಾಕ್ರಿ
ನಮ್ಮ ಕಡೆ ತಿಜೋರಿ ಕೀಲಿಕೈ ಹೆಂಡ್ತಿ ಸೊಂಟದಾಗ ಇರ್ತದ, ಅಂಗಡಿ ಲೆಕ್ಕದ ಪುಸ್ತಕ ಮಾತ್ರ ಗಂಡನ ಕಡೆನ. ದೊಡ್ಡ ಕಂಪನ್ಯಾಗೂ ಅದ ಕಥಿ. 2013ರ ಕಂಪನಿ ಕಾಯ್ದೆ, ಷೇರುಪೇಟ್ಯಾಗಿನ ಪ್ರತಿ ಕಂಪನಿ ಮಂಡಳಿಯೊಳಗ ಒಬ್ಬ ಹೆಣ್ಣುಮಗಳರ ಇರಬೇಕು ಅಂತು. 2015ರ ಗಡುವು ಬಂದಾಗ ಎಷ್ಟೋ ಮಾಲಕರು ಹೊರಗ ಹುಡುಕಲೇ ಇಲ್ಲ. ಹೆಂಡ್ತಿದೋ ಮಗಳದೋ ಹೆಸರು ಬರದು ಕೈ ತೊಳಕೊಂಡ್ರು.

"ಇಲ್ಲೊಂದು ಸಹಿ ಹಾಕು" ಅಂದ್ರ ಹಾಕೋದು ನಮಗೇನು ಹೊಸಾದಲ್ಲ. ಆದ್ರ ಡೈರೆಕ್ಟರ್ ಸಹಿ ಅಂದ್ರ ಹೊಣಿ. ವ್ಯವಹಾರ ಕೆಟ್ಟ್ರ ನೋಟೀಸು ಆಕಿ ಹೆಸರಿಗೂ ಬರಬಹುದು.

ಹಂಗಂತ ಮೀಸಲಾತಿ ಬ್ಯಾಡ ಅನಬ್ಯಾಡ್ರಿ. ಕುರ್ಚಿ ಇಲ್ದಿದ್ರ ಆ ಕಾಗದ ನಮ್ಮ ಕೈಗೇ ಬರ್ತಿದ್ದಿಲ್ಲ. ಬಂದದ್ದನ್ನ ಕುಂತು ಓದೂಣು, ತಿಳೀಲಿಲ್ಲಂದ್ರ ಕೇಳೂಣು. "ಚಹಾ ಆತೇನು?" ಅಂದ್ರ, "ಇದ ಓದಿ ಮುಗೀಲಿ, ತಡೀರಿ" ಅನ್ನೂಣು.