ರಾಯದುರ್ಗ, ಮಡಕಶಿರಾ ಮನೆಗಳಿಗೆ ಜರ್ಮನಿಯ ಉಡುಗೊರೆ

ರಾಯದುರ್ಗ ಮತ್ತು ಮಡಕಶಿರಾ ಎರಡೂ ಆಂಧ್ರಪ್ರದೇಶದ ಗಡಿ ಊರುಗಳು. ಇಲ್ಲಿಯ ಅಂಗಡಿಗಳಲ್ಲಿ ಕನ್ನಡ, ತೆಲುಗು ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ ಕರ್ನಾಟಕದ ಒಳಗೆ ಚಾಚಿಕೊಂಡಿರುವ ಸೀಮೆ. 2022ರಲ್ಲಿ ಹೊಸ ಜಿಲ್ಲೆಗಳಾದಾಗ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ನಮ್ಮ ಬಟ್ಟೆ ಅಂಗಡಿ ರಾಯದುರ್ಗದಲ್ಲಿ. ಮಗಳನ್ನು ಕೊಟ್ಟಿರುವುದು ಮಡಕಶಿರಾದಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವ ಮನೆಗೆ. ಮಗ ಜರ್ಮನಿಯ ನ್ಯೂರೆಂಬರ್ಗ್ ಕಡೆ ಉದ್ಯೋಗದಲ್ಲಿದ್ದಾನೆ.

ಕೊಡುವ ವಿಷಯದಲ್ಲಿ ಈ ಎರಡೂ ಸೀಮೆಗಳಿಗೆ ಹಳೆಯ ಹೆಸರಿದೆ. ರಾಯದುರ್ಗದಲ್ಲಿ 1355ರಲ್ಲಿ, ಒಂದನೆಯ ಹರಿಹರನ ಕಾಲದಲ್ಲಿ, ಭೋಗರಾಜನೆಂಬ ವರ್ತಕನು ಶಾಂತಿನಾಥ ಸ್ವಾಮಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿದನೆಂದು ಶಾಸನ ಹೇಳುತ್ತದೆ. ಮಡಕಶಿರಾ ಸೀಮೆಯ ಅಮರಾಪುರದ 1278ರ ಶಾಸನದಲ್ಲಿ ಮಲ್ಲಿಸೆಟ್ಟಿಯು 2000 ಅಡಕೆ ಮರಗಳನ್ನು ಪಾರ್ಶ್ವನಾಥ ಬಸದಿಗೆ ಬಿಟ್ಟುಕೊಟ್ಟ ಸಂಗತಿ ಇದೆ. ಅದು ಧರ್ಮಕ್ಕೆ ಕೊಟ್ಟ ದಾನ. ನಾವು ಹೇಳಹೊರಟಿರುವುದು ಬಂಧುಗಳಿಗೆ ಕೊಡುವ ಸಣ್ಣ ಉಡುಗೊರೆಯ ಮಾತು. ಆದರೂ ಅಡಕೆ ಮರ ಕೊಟ್ಟವನ ಬುದ್ಧಿ ನಮಗೆ ಮೆಚ್ಚಿಗೆಯಾಗುತ್ತದೆ. ಪಡೆದವರಿಗೆ ವರ್ಷ ವರ್ಷವೂ ಉಪಯೋಗಕ್ಕೆ ಬರುವಂಥದನ್ನು ಆತ ಆರಿಸಿದ.

ಈಗ ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿದ್ದಾರೆ. ಅವರು ಊರಿಗೆ ಬಂದಾಗ ಸೂಟ್‌ಕೇಸು ಬಿಚ್ಚುವ ಹೊತ್ತು ಮನೆಗೆ ಹಬ್ಬವೂ ಹೌದು, ಪರೀಕ್ಷೆಯೂ ಹೌದು. ಸಾಮಾನ್ಯ ದರ್ಜೆಯ ಟಿಕೇಟಿಗೆ ಒಂದು ಪೆಟ್ಟಿಗೆಗೆ ಬಹುತೇಕ 23 ಕಿಲೋ ಮಿತಿ. ಸ್ವಂತ ಬಟ್ಟೆಬರೆ ತೆಗೆದರೆ ಉಡುಗೊರೆಗೆ ಉಳಿಯುವುದು ಹತ್ತು ಹನ್ನೆರಡು ಕಿಲೋ. ಅಷ್ಟರಲ್ಲಿ ತವರು, ಬೀಗರು, ಅಂಗಡಿಯವರು, ನೆರೆಹೊರೆ ಎಲ್ಲರಿಗೂ ಆಗಬೇಕು. ಅಲ್ಲಿ ದುಡಿಯುವ ಹುಡುಗನ ಸಂಬಳದಲ್ಲಿ ಬಾಡಿಗೆ, ತೆರಿಗೆ, ವಿಮೆ ಎಲ್ಲ ಕಳೆದು ಮಿಕ್ಕಿದ ಹಣ ಅದು. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯ ಖಾತೆ ಬರೆಯುವಂತೆ ಒಂದು ಪಟ್ಟಿ ಬರೆಯಬೇಕು. ಪಟ್ಟಿಯಲ್ಲಿ ಮೊದಲು ಮನುಷ್ಯರ ಹೆಸರು ಬರಲಿ, ಆಮೇಲೆ ವಸ್ತುವಿನ ಹೆಸರು.

ರಾಯದುರ್ಗ ಜೀನ್ಸ್ ಹೊಲಿಯುವ ಊರು. ಮನೆ ಮನೆಯಲ್ಲೂ ಮಿಷನ್ನಿನ ಸದ್ದು. ನಾವು ಮಗನ ಮನೆಗೆ ಹೋಗಿದ್ದಾಗ ರೈಲಿನಲ್ಲಿ ಬುಟೆನ್‌ಹೈಮ್ ಎಂಬ ಹಳ್ಳಿಗೆ ಹೋಗಿಬಂದೆವು. ಜೀನ್ಸ್ ಪ್ಯಾಂಟಿಗೆ ಹೆಸರಾದ ಲೆವಿ ಸ್ಟ್ರಾಸ್ 1829ರಲ್ಲಿ ಹುಟ್ಟಿದ್ದು ಅಲ್ಲಿ. ಆತನ ತಂದೆ ಹಳ್ಳಿ ಹಳ್ಳಿ ತಿರುಗಿ ಬಟ್ಟೆಬರೆ ಮಾರುತ್ತಿದ್ದರು. ತಂದೆ ತೀರಿಕೊಂಡ ಮೇಲೆ 1847ರಲ್ಲಿ ತಾಯಿ ಮತ್ತು ಅಕ್ಕತಂಗಿಯರೊಡನೆ ಹುಡುಗ ಅಮೆರಿಕಕ್ಕೆ ಹೋದ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡಿದ. ಜೇಕಬ್ ಡೇವಿಸ್ ಎಂಬ ದರ್ಜಿ ಪ್ಯಾಂಟಿನ ಜೇಬಿಗೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಹೇಳಿದಾಗ ಇಬ್ಬರೂ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದರು. ಲೆವಿ ದರ್ಜಿಯಲ್ಲ, ನಮ್ಮಂತೆ ಥಾನು ಅಳೆದು ಮಾರುವ ವ್ಯಾಪಾರಿ. ಆ ಮರದ ಚೌಕಟ್ಟಿನ ಹಳೆಯ ಮನೆ ಈಗ ವಸ್ತುಸಂಗ್ರಹಾಲಯ.

ಜೀನ್ಸಿನ ನೀಲಿ ಬಣ್ಣದಲ್ಲೂ ಜರ್ಮನಿಯ ಪಾಲಿದೆ. ಹಿಂದೆ ನಮ್ಮ ನೆರೆಯ ಕಡಪಾ ಸೀಮೆಯಲ್ಲಿ ನೀಲಿ ಬೆಳೆ ಇತ್ತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ದೇಶದ ನೀಲಿ ವ್ಯಾಪಾರ ಕುಸಿಯಿತು. ಪರದೇಶದಿಂದ ಬಂದದ್ದೆಲ್ಲ ಉಡುಗೊರೆಯಲ್ಲ ಎಂಬುದನ್ನು ವ್ಯಾಪಾರಸ್ಥರು ಮರೆಯಬಾರದು.

ಇಂಥ ಊರಿಗೆ ಜರ್ಮನಿಯಿಂದ ಏನು ತರಬೇಕು? ಹೊಲಿಗೆ ಮಿಷನ್ನಿನ ಸೂಜಿ ಎಂದು ಮಗ ಹೇಳಿದ. ಹಗುರ, ಒಡೆಯುವುದಿಲ್ಲ, ಜರ್ಮನ್ ಸೂಜಿಗೆ ಹೆಸರೂ ಇದೆ. ಆದರೆ 1852ರಲ್ಲಿ ಆರಂಭವಾದ ಗ್ರೋಜ್-ಬೆಕರ್ಟ್ ಕಂಪನಿ ಚಂಡೀಗಢದಲ್ಲೇ ಕಾರ್ಖಾನೆ ನಡೆಸುತ್ತಿದೆ. ನಮ್ಮ ದೇಶದಲ್ಲೇ ಆಗುವ ಮಾಲನ್ನು ಯೂರೋ ಕೊಟ್ಟು ಹೊತ್ತು ತರುವುದು ವ್ಯಾಪಾರವಲ್ಲ. ಅದರ ಬದಲು ಸೋಲಿಂಗೆನ್ ಊರಿನ ಕತ್ತರಿ ತಂದೆವು. ಆ ಊರಿನ ಸುತ್ತ ತಯಾರಾದ ಮಾಲಿಗೆ ಮಾತ್ರ ಆ ಹೆಸರು ಹಾಕಬೇಕೆಂದು 1938ರಿಂದ ಕಾನೂನಿದೆ. ಹೆಸರು ಕೊರೆದಿದೆಯೇ ಎಂದು ನೋಡಿ ಕೊಳ್ಳಬೇಕು. ಕತ್ತರಿ, ಚಾಕು ಕೈಚೀಲದಲ್ಲಿ ಇಡಬಾರದು. ಮೊನೆಗೆ ರಟ್ಟು ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು. ನಮ್ಮ ಅಂಗಡಿಯ ಕಟಿಂಗ್ ಮಾಸ್ತರರು ಇಪ್ಪತ್ತು ವರ್ಷ ಮೀರತ್ತಿನ ಕತ್ತರಿ ಹಿಡಿದವರು. ಹೊಸದನ್ನು ಕೈಯಲ್ಲಿ ತೂಗಿ ನೋಡಿ, ಬೆರಳಿಗೆ ಹಾಕಿ, ನಮ್ಮ ಕೈಗೆ ಒಂದು ರೂಪಾಯಿ ಇಟ್ಟರು. ‘ಕತ್ತರಿ ಸುಮ್ಮನೆ ತಗೋಬಾರದು ಸಾಹುಕಾರ್ರೇ, ಸ್ನೇಹ ಕತ್ತರಿಸುತ್ತೆ’ ಎಂದರು. ಜರ್ಮನಿಯಲ್ಲೂ ಚಾಕು ಪಡೆದವರು ಒಂದು ನಾಣ್ಯ ಕೊಡುವ ವಾಡಿಕೆ ಇದೆಯೆಂದು ಮಗ ಹೇಳಿದ್ದು ನೆನಪಾಯಿತು. ಆ ಕತ್ತರಿ ಈಗ ದಿನಾ ಕೆಲಸದಲ್ಲಿದೆ.

ಮಡಕಶಿರಾದ ಬೀಗರ ಮನೆಯ ಲೆಕ್ಕ ಬೇರೆ. ಅಲ್ಲಿ ಬೀಗರ ತಾಯಿ ಇದ್ದಾರೆ, ವ್ರತನಿಷ್ಠರು. ಜೇನುತುಪ್ಪ ಬಿಟ್ಟು ಎಷ್ಟೋ ವರ್ಷವಾಯಿತು. ಎರಡು ವರ್ಷದ ಹಿಂದೆ ಆ ಬಂಧುಬಳಗದ ಹುಡುಗನೊಬ್ಬ ಜರ್ಮನಿಯಿಂದ ಬಂದು ಮಕ್ಕಳಿಗೆ ಬಣ್ಣ ಬಣ್ಣದ ಮೆತ್ತನೆಯ ಮಿಠಾಯಿ ಹಂಚಿದ. ಎಲ್ಲರೂ ತಿಂದರು, ಮೊಮ್ಮಗಳು ಅಜ್ಜಿಯ ಬಾಯಿಗೂ ಒಂದು ಹಾಕಿದಳು. ಸಂಜೆ ನಮ್ಮ ಅಳಿಯಂದಿರು ಪೊಟ್ಟಣ ತಿರುಗಿಸಿ ಓದಿದರೆ ಅದರಲ್ಲಿ ಗೆಲಾಟಿನ್, ಅಂದರೆ ಪ್ರಾಣಿಯ ಚರ್ಮ, ಎಲುಬಿನಿಂದ ತೆಗೆಯುವ ಅಂಟು. ಮರುದಿನ ಅಜ್ಜಿ ಉಪವಾಸ ಮಾಡಿದರು. ಆ ಹುಡುಗನಿಗೆ ಮಾತ್ರ ಯಾರೂ ಹೇಳಕೂಡದೆಂದು ಮನೆಯವರಿಗೆಲ್ಲ ಅಪ್ಪಣೆ ಮಾಡಿದರು. ‘ಪ್ರೀತಿಯಿಂದ ತಂದಿದ್ದಾನೆ, ನೊಂದುಕೊಂಡಾನು’ ಎಂದರಂತೆ. ಮಗಳಿಂದ ಈ ಸಂಗತಿ ಕೇಳಿದ ಮೇಲೆ ನಾವು ತಿಂಡಿಯ ಚೀಟಿ ಓದದೆ ಏನನ್ನೂ ಕೊಳ್ಳಬಾರದೆಂದು ಮಗನಿಗೆ ಬರೆದೆವು.

ಓದುವುದು ಕಷ್ಟವಲ್ಲ. ಜರ್ಮನ್ ಭಾಷೆಯಲ್ಲಿ ‘ಐ’ ಎಂದರೆ ಮೊಟ್ಟೆ, ‘ಹೋನಿಗ್’ ಎಂದರೆ ಜೇನು, ‘ಗೆಲಾಟಿನೆ’ ಎಂದರೆ ಮೇಲೆ ಹೇಳಿದ ಅಂಟು. ಇ 120 ಎಂಬ ಕೆಂಪು ಬಣ್ಣ ಕೀಟದಿಂದ ಬರುತ್ತದೆ. ಇ 904 ಅರಗು, ಇ 901 ಜೇನುಮೇಣ. ಅಲ್ಲಿ ‘ವೆಗೆಟಾರಿಷ್’ ಎಂದು ಬರೆದ ತಿಂಡಿಯಲ್ಲಿ ಮೊಟ್ಟೆ ಇರಬಹುದು, ಅದು ನಮ್ಮ ಹಸಿರು ಚುಕ್ಕೆಯಲ್ಲ. ‘ವೆಗಾನ್’ ಎಂದಿದ್ದರೆ ಮೊಟ್ಟೆ, ಜೇನು, ಹಾಲು ಯಾವುದನ್ನೂ ಹಾಕಿರುವುದಿಲ್ಲ. ಆದರೂ ಮದ್ಯ ಬೆರೆತಿದೆಯೇ ಎಂದು ಬೇರೆ ನೋಡಬೇಕು. ನ್ಯೂರೆಂಬರ್ಗಿನ ಹೆಸರಾಂತ ಲೇಬ್‌ಕೂಖೆನ್ ರೊಟ್ಟಿಯಲ್ಲಿ ಮೊಟ್ಟೆ, ಜೇನು ಇರುವುದೇ ಹೆಚ್ಚು. ಲ್ಯೂಬೆಕ್ ಊರಿನ ಮಾರ್ಜಿಪಾನ್ ಮುಖ್ಯವಾಗಿ ಬಾದಾಮಿ, ಸಕ್ಕರೆಯದು. ಮದ್ಯ, ಮೊಟ್ಟೆ ಇಲ್ಲದ್ದನ್ನು ಆರಿಸಿದರೆ ನಮ್ಮ ಬಾದಾಮಿ ಬರ್ಫಿಯ ನೆಂಟನಂತಿರುತ್ತದೆ. ಚಾಕೊಲೇಟು ತರುವುದಾದರೆ ಚಳಿಗಾಲದಲ್ಲಿ ತನ್ನಿ; ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಅದು ಮನೆ ಮುಟ್ಟುವ ಮೊದಲೇ ಕರಗುತ್ತದೆ. 1932ರಿಂದ ಬರುತ್ತಿರುವ ರಿಟರ್ ಸ್ಪೋರ್ಟ್ ಎಂಬ ಚೌಕದ ಚಾಕೊಲೇಟನ್ನು ಕೋಟಿನ ಜೇಬಿನಲ್ಲಿ ಮುರಿಯದಿರಲೆಂದೇ ಚೌಕ ಮಾಡಿದರಂತೆ. ಪೆಟ್ಟಿಗೆಯ ಮೂಲೆಗೂ ಅದು ಚೆನ್ನಾಗಿ ಕೂರುತ್ತದೆ. ಅದರಲ್ಲೂ ರಮ್ ಬೆರೆಸಿದ ಬಗೆ ಇದೆ, ಚೀಟಿ ಓದಿಯೇ ಕೊಳ್ಳಬೇಕು.

ಶಾಲೆಯ ಮಕ್ಕಳಿಗೆ ಬಣ್ಣದ ಪೆನ್ಸಿಲು ಉತ್ತಮ. ಫೇಬರ್-ಕ್ಯಾಸೆಲ್ 1761ರಿಂದ ನ್ಯೂರೆಂಬರ್ಗಿನ ಪಕ್ಕದ ಸ್ಟೈನ್‌ನಲ್ಲಿದೆ; ಆದರೆ ಗೋವಾದಲ್ಲೂ ಅವರ ಕಾರ್ಖಾನೆ ಇರುವುದರಿಂದ ಇಲ್ಲಿ ಸಿಗದ ಬಗೆ ಮಾತ್ರ ತರಬೇಕು. ಹೈಡೆಲ್‌ಬರ್ಗಿನ ಲ್ಯಾಮಿ ಮಸಿಪೆನ್ನು ಕಾಲೇಜು ಮಕ್ಕಳಿಗೆ ಸಂತೋಷ. ವಿಮಾನದಲ್ಲಿ ಮಸಿ ಸೋರದಂತೆ ಖಾಲಿ ಪೆನ್ನೇ ತರಬೇಕು. ಗೋಡೆಯ ಕೋಗಿಲೆ ಗಡಿಯಾರ ನೋಡಲು ಚೆಂದ, ಆದರೆ ಕಬ್ಬಿಣದ ತೂಕದ ಬಟ್ಟುಗಳು, ಸರಪಳಿ, ಸೂಕ್ಷ್ಮವಾದ ಮರಗೆಲಸ. ಅರ್ಧ ಪೆಟ್ಟಿಗೆ ಅದಕ್ಕೇ ಹೋಗುತ್ತದೆ. ಚರ್ಮದ ಬೆಲ್ಟು, ಪರ್ಸು ನಮ್ಮ ಮನೆಗಳಿಗೆ ಬೇಡವೇ ಬೇಡ.

ತಂದೆತಾಯಿ ಇಲ್ಲಿಂದ ಹೋಗಿ ಬರುವುದಾದರೆ ಇನ್ನೊಂದು ಅನುಕೂಲ ಉಂಟು. ಅಲ್ಲಿ ಸಾಮಾನಿನ ಬೆಲೆಯಲ್ಲಿ 19 ಶೇಕಡಾ ತೆರಿಗೆ ಸೇರಿರುತ್ತದೆ, ತಿಂಡಿಗೆ, ಪುಸ್ತಕಕ್ಕೆ 7. ಐರೋಪ್ಯ ಒಕ್ಕೂಟದ ಹೊರಗಿನ ನಿವಾಸಿಗಳು ಒಂದು ಬಿಲ್ಲಿನಲ್ಲಿ 50 ಯೂರೋ ಮೀರಿ ಕೊಂಡು ಮೂರು ತಿಂಗಳೊಳಗೆ ಊರಿಗೆ ಒಯ್ದರೆ, ಈ ಸೌಲಭ್ಯ ಕೊಡುವ ಅಂಗಡಿಗಳ ಮೂಲಕ ತೆರಿಗೆಯ ಬಹುಪಾಲು ಹಿಂದಕ್ಕೆ ಪಡೆಯಬಹುದು. ಅಂಗಡಿಯಲ್ಲೇ ಫಾರಂ ಕೇಳಿ ಪಡೆಯಬೇಕು. ಪೆಟ್ಟಿಗೆ ವಿಮಾನಕ್ಕೆ ಹಾಕುವ ಮೊದಲು ಸುಂಕದವರಿಗೆ ಮಾಲು ತೋರಿಸಿ ಮೊಹರು ಹಾಕಿಸಬೇಕು. ಅಲ್ಲೇ ನೆಲೆಸಿರುವ ಮಕ್ಕಳಿಗೆ ಇದು ಸಿಗುವುದಿಲ್ಲ.

ಇಲ್ಲಿಂದ ಹೋಗುವಾಗಲೂ ಬರಿಗೈಯಲ್ಲಿ ಹೋಗಲಾಗದು. ಹಾಲು, ತುಪ್ಪ, ಪೇಡೆ ಇವನ್ನು ಐರೋಪ್ಯ ಒಕ್ಕೂಟದೊಳಗೆ ಪ್ರಯಾಣಿಕರು ಒಯ್ಯುವಂತಿಲ್ಲ. ನಾವು ಮಗನ ಮನೆಯ ಮಾಲೀಕರಿಗೆ ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಒಯ್ದೆವು, ಅವರ ಪತ್ನಿಗೆ ನಮ್ಮ ನೆರೆಯ ಮೊಳಕಾಲ್ಮೂರಿನ ರೇಷ್ಮೆಯ ಒಂದು ಶಾಲು. ಬುಟೆನ್‌ಹೈಮಿನ ನಾಡಿನವರಿಗೆ ಜೀನ್ಸ್ ಕೊಟ್ಟೆವಲ್ಲ ಎಂದು ಎಲ್ಲರೂ ನಕ್ಕರು. ಅವರು ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿ ಚೆನ್ನಾಗಿದೆ ಎಂದರು.

ಕೊನೆಗೆ ಒಂದು ಮಾತು. ಎರಡು ಮನೆಗಳಿಗೆ ಉಡುಗೊರೆ ಹಂಚುವಾಗ ತೂಕ ಹಾಕಿ ಹೋಲಿಸುವವರು ಇದ್ದೇ ಇರುತ್ತಾರೆ. ಬೆಲೆಯಲ್ಲಿ ಸಮಮಾಡಲು ಹೊರಟರೆ ಹುಡುಗನ ಜೇಬು ಬರಿದಾಗುತ್ತದೆ, ಸಮಾಧಾನವೂ ಆಗುವುದಿಲ್ಲ. ಕಳೆದ ಸಲ ಮಗ ಬಂದಾಗ ಮಡಕಶಿರಾದ ಅಜ್ಜಿಗೆ ತಂದದ್ದು ಕನ್ನಡಕದ ಜೊತೆ ಹಿಡಿದು ಓದುವ ಒಂದು ಭೂತಗನ್ನಡಿ. ಇಡೀ ಪೆಟ್ಟಿಗೆಯಲ್ಲಿ ಅದೇ ಅಗ್ಗದ್ದು. ಸ್ವಾಧ್ಯಾಯದ ಪುಸ್ತಕದ ಸಣ್ಣ ಅಕ್ಷರ ಕಾಣುತ್ತದೆಂದು ಅವರು ಈಗ ದಿನಕ್ಕೆ ನಾಲ್ಕು ಪುಟ ಓದುತ್ತಾರೆ. ಪಡೆದವರು ಸಂಶಯವಿಲ್ಲದೆ ಬಳಸುವಂಥದ್ದು ಒಂದು ತಂದರೆ ಸಾಕು; ಮಿಕ್ಕ ಹಣ ಹುಡುಗನ ಖಾತೆಯಲ್ಲೇ ಇರಲಿ.