ಜೇಬು ಯಾರ ಮನೇದು?

ಸೆರ್ಬಿಯಾದಲ್ಲಿ ಜೇಬಿಗೆ ಏನಂತಾರೆ ಗೊತ್ತಾ? ‘ಜೆಪ್’! ಕಾಲುಚೀಲಕ್ಕೆ ‘ಚಾರಪಾ’, ಬೂಟಿಗೆ ‘ಚಿಜ್ಮಾ’. ಮೂರೂ ಟರ್ಕಿಶ್ ಭಾಷೆಯಿಂದ ಹೋದವು. ರಷ್ಯನ್ನರ ‘ಬಶ್ಮಾಕ್’ ಅಂದ್ರೆ ಶೂ, ಅದೂ ತುರ್ಕಿ ಮೂಲದ್ದೇ. 1842ರಲ್ಲಿ ಗೊಗೊಲ್ ತನ್ನ ‘ಓವರ್‌ಕೋಟ್’ ಕಥೆಯ ಬಡ ಗುಮಾಸ್ತನಿಗೆ ಬಶ್ಮಾಚ್ಕಿನ್ ಅಂತ ಹೆಸರಿಟ್ಟಿದ್ದು ಅದರಿಂದಲೇ.

ಟರ್ಕಿಯ ‘ಜೆಪ್’ಗೂ ನಮ್ಮ ‘ಜೇಬು’ಗೂ ಮೂಲ ಒಂದೇ, ಅರಬ್ಬಿಯ ‘ಜೈಬ್’.

ಕ್ಲಾಸಲ್ಲಿ ಒಬ್ರು ‘ಜೇಬು ಕನ್ನಡವೇ ಅಲ್ಲ’ ಅಂದ್ರು. ಹಾಗಾದ್ರೆ ಜಾತ್ರೆ ದಿನ ‘ಜೇಬಲ್ಲಿಟ್ಕೋ ಮಗಾ’ ಅಂತ 10 ರೂಪಾಯಿ ಕೊಡ್ತಿದ್ದ ನಮ್ಮಜ್ಜಿ ಯಾವ ಭಾಷೆ ಮಾತಾಡ್ತಿದ್ರು?

ಬಿಕಾಂ ಪುಸ್ತಕದಲ್ಲಿ ಸಾಲ ಅಂದ್ರೆ ತೀರಿಸ್ಬೇಕು. ಪದದ ಸಾಲ ಹಾಗಲ್ಲ. ಕೊಟ್ಟೋರ ಹತ್ರಾನೂ ಉಳಿಯುತ್ತೆ, ತಗೊಂಡೋರ ಹತ್ರಾನೂ.

ನಿಮ್ಮನೇಲಿ ಜೇಬಾ, ಕಿಸೆನಾ? ಕಿಸೆನೂ ಹೊರಗಿಂದ ಬಂದಿದ್ದೇ, ನೆನಪಿರ್ಲಿ!